ಹ್ಯಾಂಕ್ ಅವರ ಗಾಜಿನ ಮೇಜು

ಹ್ಯಾಂಕ್ ಕುಂಚ ಒರೆಸುತ್ತಿದ್ದದ್ದು ತಮ್ಮ ಪ್ಯಾಂಟಿಗೆ. ಬಣ್ಣ ಕಟ್ಟಿ ಅದು ಎಷ್ಟು ಬಿರುಸಾಗಿತ್ತೆಂದರೆ, ಕಳಚಿಟ್ಟರೆ ಮೂಲೆಯಲ್ಲಿ ತಾನೇ ನಿಲ್ಲುತ್ತಿತ್ತು. ನಾನು ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕತ್ತರಿ, ಚಿಮಟ ಎಣಿಸಿ, ಕುದಿಸಿ, ಜೋಡಿಸಿಟ್ಟ ನರ್ಸ್. ಆಲ್ಮೆರೆ ಎಂಬ ಡಚ್ ಊರಿನಲ್ಲಿರುವ ಮಗಳು ನಾಜಿಮಾಳ ಮನೆಗೆ ಬಂದ ವಾರವೇ ಪಕ್ಕದ ಮನೆಯ ಈ ಅಮೆರಿಕನ್ ಚಿತ್ರಕಾರರನ್ನು ಕಂಡು ದಂಗಾದೆ.

"ಕೊಳೆಗೆ ಹೆದರೋರು ಬಣ್ಣದ ಹತ್ತಿರ ಬರಬಾರದು, ಸಿಸ್ಟರ್," ಎಂದು ಅವರು ಛೇಡಿಸುತ್ತಿದ್ದರು.

ಲಾಕ್‌ಡೌನ್ ಬಂದ ಮೇಲೆ ದಿನಾ ನಾಲ್ಕು ಗಂಟೆಗೆ ಅವರ ಬಾಗಿಲ ಹೊರಗೆ, ಒಂದೂವರೆ ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಅವರ ಮಾತು ಕೇಳುತ್ತಿದ್ದೆ. ಹುಡುಗನಾಗಿದ್ದಾಗ ಕಾನ್ಸಾಸ್‌ನಲ್ಲಿ ಅಂಗಡಿಗಳ ಬೋರ್ಡ್ ಬರೆದವರು ನ್ಯೂಯಾರ್ಕಿಗೆ ಹೋಗಿ ಮುಖಗಳನ್ನು ಬಿಡಿಸಿದರು. ಆ ಚಿತ್ರಗಳಿಂದ ಮೊದಲು ಕಣ್ಣುಗಳು ಹೋದವು, ಆಮೇಲೆ ಮುಖವೇ ಹೋಗಿ ಬರೀ ಬಣ್ಣ ಉಳಿಯಿತು. ಡಚ್ ಹೆಂಡತಿ ಯಾನಿಯ ಜೊತೆ ಇಲ್ಲಿಗೆ ಬಂದರು. ಆಕೆ ತೀರಿಕೊಂಡ ಮೇಲೆ ಕ್ಯಾನ್ವಾಸ್ ಮುಟ್ಟಿರಲಿಲ್ಲ.

"ಮತ್ತೆ ದಿನವೆಲ್ಲ ಏನ್ ಮಾಡ್ತೀರಿ?" ಎಂದು ಕೇಳಿದರೆ, "ಕೆಲಸ," ಎನ್ನುತ್ತಿದ್ದರು.

ಎರಡನೆಯ ಚಳಿಗಾಲದಲ್ಲಿ ಅವರಿಗೆ ಕೋವಿಡ್ ಆಯಿತು. ಗಿಡಗಳಿಗೆ ನೀರು ಹಾಕಲೆಂದು ನನಗೆ ಬೀಗದ ಕೈ ಬಿಟ್ಟು ಆಸ್ಪತ್ರೆಗೆ ಹೋದರು. ಒಳಗೆ ಕಿಟಕಿಯ ಬಳಿ ಒಂದು ಗಾಜಿನ ಮೇಜು. ಅದರ ಮೇಲೆ ಒಣಗಿದ ಬಣ್ಣ ಗೇಣೆತ್ತರ ಗುಡ್ಡೆಯಾಗಿ ಅಂಟಿಕೊಂಡಿತ್ತು.

"ಅಮ್ಮಿ, ಅವರ ಸಾಮಾನಿಗೆ ಕೈ ಹಾಕ್ಬೇಡಿ," ಎಂದಳು ನಾಜಿಮಾ.

"ಲಂಗ್ಸ್ ಹಾಳಾದ ಮನುಷ್ಯ ಈ ಗಲೀಜಿಗೆ ವಾಪಸ್ ಬರ್ಬೇಕೇನೇ?"

ನಾಲ್ಕು ದಿನ ಬ್ಲೇಡಿನಿಂದ ಕೆರೆದೆ. ಐದು ಚೀಲ ತುಂಬಿತು. ಗುರುವಾರ ಕಸದ ಲಾರಿ ಒಯ್ದಿತು.

ಆರು ವಾರದ ಮೇಲೆ ಹ್ಯಾಂಕ್ ಊರುಗೋಲು ಹಿಡಿದು ಬಂದರು. ಮೇಜಿನ ಮುಂದೆ ನಿಂತು ಗಾಜಿನ ಮೇಲೆ ಬೆರಳಾಡಿಸಿದರು.

"ಎಲ್ಲಿದೆ, ಸಿಸ್ಟರ್?"

"ಏನು?"

"ನನ್ನ ಚಿತ್ರ. ಹನ್ನೊಂದು ವರ್ಷದಿಂದ ಅದೊಂದನ್ನೇ ಮಾಡ್ತಿದ್ದೆ, ದಿನಕ್ಕೊಂದು ಪದರ. ಯಾನಿ ಹೋದ ಬೆಳಿಗ್ಗೆ ಕಿಟಕಿಯಲ್ಲಿ ಒಂದು ನೀಲಿ ಕಂಡಿತ್ತು. ತಳದಲ್ಲಿದ್ದದ್ದು ಅದು."

ಆ ನೀಲಿ ನನಗೆ ಚೆನ್ನಾಗಿ ನೆನಪಿತ್ತು. ಗಾಜು ಬಿಡಲೊಲ್ಲದೆ ಅಂಟಿಕೊಂಡಿತ್ತು. ಅದಕ್ಕೆಂದೇ ಹೊಸ ಬ್ಲೇಡ್ ಹಾಕಿದ್ದೆ.

ಅವರು ಬೈಯಲಿಲ್ಲ. ವಸಂತದಲ್ಲಿ ಕಾನ್ಸಾಸ್‌ನ ತಂಗಿಯ ಮನೆಗೆ ಹೊರಟರು. ಟ್ಯಾಕ್ಸಿಯ ಬಳಿ ಮತ್ತೊಮ್ಮೆ ಕ್ಷಮೆ ಕೇಳಿದೆ.

"ಅದನ್ನು ಹೇಗೆ ಮುಗಿಸೋದು ಅಂತ ನನಗೂ ಗೊತ್ತಿರಲಿಲ್ಲ," ಎಂದರು. "ಆದರೆ ಮುಗಿಸಬೇಕಾದೋರು ನೀವಲ್ಲ, ಸಿಸ್ಟರ್."

ಆಗ ಯಾರೂ ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಹಾಗಾಗಿ, ಅವರು ನನಗೆ ಕೈ ಚಾಚುತ್ತಿದ್ದರೋ ಇಲ್ಲವೋ, ಗೊತ್ತಾಗಲೇ ಇಲ್ಲ.