ಮುನ್ನೂರ ನಲವತ್ತು ಸರ್ವರ್‌ಗಳ ನೆನಪು ಕಾಯುವಾಕೆ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಕಂಪ್ಯೂಟರ್ ವಿಭಾಗದಲ್ಲಿ ಒಂದೇ ಮೇಜಿನ ದೀಪ ಉರಿಯುತ್ತಿದೆ. ಹೆಗಲಿನ ಚೀಲವನ್ನೂ ಇಳಿಸದೆ ಆಕೆ ತೆರೆಯ ಮೇಲಿನ ಪಟ್ಟಿ ಓದುತ್ತಾರೆ. ನಿನ್ನೆ ಸರ್ವರ್‌ಗಳ ಸೆಟ್ಟಿಂಗ್‌ನಲ್ಲಿ ಹದಿನಾಲ್ಕು ಬದಲಾವಣೆ. ಪ್ರತಿಯೊಂದಕ್ಕೂ ಸಂಖ್ಯೆ, ಮಾಡಿದವರ ಹೆಸರು, ಕಾರಣ. ಒಂದರ ಮುಂದೆ ಮಾತ್ರ ಕಾರಣದ ಜಾಗ ಖಾಲಿ. ಮಾಡಿದವರು ಬರುವುದು ಒಂಬತ್ತಕ್ಕೆ. ಅವರ ಮೇಜಿನ ಮೇಲೆ ಈಗಲೇ ಚೀಟಿ ಬೀಳುತ್ತದೆ: 'ಯಾಕೆ?'

ಇಲ್ಲಿನ ಮುನ್ನೂರ ನಲವತ್ತು ಸರ್ವರ್‌ಗಳನ್ನು ಯಾರೂ ಒಂದೊಂದಾಗಿ ಮುಟ್ಟುವುದಿಲ್ಲ. ಒಂದು ಕಡತದಲ್ಲಿ ಬರೆದರೆ ತಂತ್ರಾಂಶವೇ ಎಲ್ಲದಕ್ಕೂ ಹಂಚುತ್ತದೆ. ತಪ್ಪು ಬರೆದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಹಂಚುತ್ತದೆ. ಹಾಗಾಗಿ ಆ ಕಡತದ ಹಳೆಯ ಪ್ರತಿಗಳನ್ನೆಲ್ಲ ಕಾಯುವುದು ಈಕೆಯ ಕೆಲಸ. ಹದಿನೆಂಟು ವರ್ಷ ರೋಗಿಗಳ ಕಾಗದದ ಫೈಲು ಜೋಡಿಸಿ, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಇಲ್ಲಿಗೆ ಬಂದವರು. ಎಂಜಿನಿಯರ್‌ಗಳು 'ಯಾಕಕ್ಕ' ಎಂದು ಅಡ್ಡಹೆಸರಿಟ್ಟರು. ಒಂದಕ್ಷರ ತಿದ್ದುವುದಕ್ಕೂ ಅರ್ಜಿ ಬರೆಯಬೇಕೇ ಎಂದು ಮುಖ್ಯ ಎಂಜಿನಿಯರ್ ತುಂಬಿದ ಸಭೆಯಲ್ಲೇ ರೇಗಿದ್ದರು. ಈಕೆ ಮನೆಗೆ ಹೋಗಿ ಅತ್ತದ್ದುಂಟು, ಪಟ್ಟು ಬಿಟ್ಟದ್ದಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಏಳಕ್ಕೆ, ರಕ್ತಪರೀಕ್ಷೆಯ ವರದಿಗಳು ಶಸ್ತ್ರಚಿಕಿತ್ಸೆಯ ಕೋಣೆಗಳಿಗೆ ಹೋಗುವುದೇ ನಿಂತುಹೋಯಿತು. ಆರು ರೋಗಿಗಳು ಕಾಯುತ್ತಿದ್ದರು. ಹಿಂದಿನ ದಿನದ ಬದಲಾವಣೆಗಳನ್ನೆಲ್ಲ ರದ್ದುಮಾಡಿದರೂ ಊಹೂಂ, ಜಪ್ಪಯ್ಯ ಎಂದರೂ ಕದಲಲಿಲ್ಲ. ಎಲ್ಲವನ್ನೂ ಹೊಸದಾಗಿ ಕಟ್ಟಲು ಐದು ಗಂಟೆ ಬೇಕೆಂದು ಮುಖ್ಯ ಎಂಜಿನಿಯರ್ ತಲೆಯ ಮೇಲೆ ಕೈಹೊತ್ತು ಕುಳಿತರು.

"ನಿನ್ನೇದಲ್ಲ ಸಾರ್, ಮೂರು ವಾರದ ಹಿಂದಿಂದು," ಅಂದರು ಯಾಕಕ್ಕ. "ಬದಲಾವಣೆ ನಂಬರ್ ಎರಡು ಸಾವಿರದ ಮುನ್ನೂರ ಹದಿನೇಳು. ಅವತ್ತು ವರದಿ ಕಳಿಸೋ ವಿಳಾಸ ತಿದ್ದಿದಾರೆ. ಆಮೇಲೆ ವರದಿ ಕಳಿಸೋ ಸರ್ವರ್ ಆಫ್ ಮಾಡಿ ಆನ್ ಮಾಡಿದ್ದು ಇವತ್ತೇ. ಆನ್ ಆಗುವಾಗಲೇ ಅದು ಹೊಸ ವಿಳಾಸ ಓದೋದು, ಅದಕ್ಕೇ ಈಗ ಕಚ್ಕೊಂಡಿದೆ."

ಅದರ ಹಿಂದಿನ, ಎರಡು ಸಾವಿರದ ಮುನ್ನೂರ ಹದಿನಾರನೆಯ ಪ್ರತಿಯಲ್ಲಿದ್ದ ಹಳೆಯ ವಿಳಾಸದ ಆ ಒಂದು ಸಾಲನ್ನು ಆಕೆಯೇ ಹುಡುಕಿ ವಾಪಸ್ ಕೂರಿಸಿದರು. ಒಂಬತ್ತನೇ ನಿಮಿಷಕ್ಕೆ ಮೊದಲ ವರದಿ ಮೇಲಿನ ಮಹಡಿ ಮುಟ್ಟಿತು. ಇಡೀ ವಿಭಾಗ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಧ್ಯಾಹ್ನ ಶಸ್ತ್ರವೈದ್ಯೆ ತಲೆಯ ಹಸಿರು ಟೊಪ್ಪಿ ಕೂಡ ತೆಗೆಯದೆ ನೆಲಮಾಳಿಗೆಗೆ ಇಳಿದು ಬಂದು, ಆಕೆಯ ಎರಡೂ ಕೈ ಹಿಡಿದುಕೊಂಡು ಹೇಳಿದರು: "ಆರೂ ಜನ ಚೆನ್ನಾಗಿದಾರಮ್ಮ."

ಈಗ ಆಕೆಯ ಪಟ್ಟಿಯಲ್ಲಿ ಸಂಖ್ಯೆ ಬೀಳದೆ ಒಂದು ಚುಕ್ಕೆಯೂ ಬದಲಾಗಕೂಡದೆಂಬ ಆದೇಶವಿದೆ. ಅದಕ್ಕೆ ಸಹಿ ಹಾಕಿದವರು ಅದೇ ಮುಖ್ಯ ಎಂಜಿನಿಯರ್.

ಇನ್ನೇನು ಆಸೆ ಎಂದರೆ ಆಕೆ ತೆರೆಯ ಮೇಲಿನ ಪಟ್ಟಿ ತೋರಿಸುತ್ತಾರೆ.

"ನಾನು ರಜೆ ಹಾಕಿದ ದಿನ ಯಾರೂ ನನ್ನ ಹುಡುಕಬಾರದು ನೋಡಿ. ಎಲ್ಲಾ ಬರೆದಿಟ್ಟಿದೀನಿ. ಓದೋಕೆ ಬರೋರು ಯಾರು ಬೇಕಾದ್ರೂ ಸರಿಮಾಡಬಹುದು."