ಕಿಟಕಿಯ ಮುಂದೆ ಕೂತವನು

ಬಿಸಿ ಮಾಡದೆ, ನೀರು ಬೆರೆಸದೆ, ತಾವಾಗಿಯೇ ಎಣ್ಣೆಯಂತೆ ದ್ರವವಾಗಿರುವ ಉಪ್ಪುಗಳಿವೆ. ಶಿವಮೊಗ್ಗದ ಲ್ಯಾಬೊಂದರಲ್ಲಿ ನಾನೂ ನನ್ನ ಗೆಳೆಯನೂ ಅಂಥ ಉಪ್ಪಿನೊಳಕ್ಕೆ ಕಾರಿನ ಏಸಿಗೆ ತುಂಬುವ ಗ್ಯಾಸನ್ನು ಒತ್ತಿ ಕರಗಿಸುತ್ತಿದ್ದೆವು. ಯಾವ ಒತ್ತಡದಲ್ಲಿ ಅದು ಇನ್ನು ಸಾಕೆಂದು ಎರಡು ಪದರವಾಗಿ ಒಡೆಯುತ್ತದೆ ಎಂಬುದು ನಮ್ಮ ಹುಡುಕಾಟ. ಉಕ್ಕಿನ ಪಾತ್ರೆಯನ್ನು ಭದ್ರಾವತಿಯ ಲೇತ್ ಅಂಗಡಿಯಲ್ಲಿ ಮಾಡಿಸಿ, ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆವು.

"ಏನ್ರೀ ಅದು, ಬಾಂಬಾ?" ಎಂದ ಕಂಡಕ್ಟರ್.

"ಕುಕ್ಕರ್ ಸಾರ್. ವಿಷಲ್ ಒಂದು ಹಾಕ್ಸಿಲ್ಲ" ಎಂದ ಗೆಳೆಯ.

ಪಾತ್ರೆಗೆ ದಪ್ಪ ಗಾಜಿನ ಪುಟ್ಟ ಕಿಟಕಿ. ಒಬ್ಬ ಅದರ ಮುಂದೆ ಕೂರಬೇಕು, ಇನ್ನೊಬ್ಬ ಬೆನ್ನು ತಿರುಗಿಸಿ ಒತ್ತಡದ ಗೇಜು ನೋಡಬೇಕು. ಕಿಟಕಿಯವನಿಗೆ ಒತ್ತಡ ಎಷ್ಟೆಂದು ಹೇಳುವಂತಿಲ್ಲ. ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ.

ಒಂದು ಮಧ್ಯಾಹ್ನ ನಾನು ಕೂತಿದ್ದಾಗ ಕಿಟಕಿಯಲ್ಲಿ ಮಂಜು ಕವಿಯಿತು. ಅದು ತಿಳಿಯಾದಾಗ ದ್ರವದ ನಡುವೆ ಒಂದು ಗೆರೆ.

"ಬಂತು ಕಣೋ! ಮಜ್ಜಿಗೆ ಮೇಲೆ ತಿಳಿ ನಿಂತಂಗಿದೆ!"

ಅವನು ತಿರುಗಿಯೂ ನೋಡಲಿಲ್ಲ. "ಲೈಟಿನ ನೆರಳಿರ್ಬೇಕು. ಕಣ್ಣು ಒರೆಸ್ಕೋ ಮಾರಾಯ."

ಗ್ಯಾಸ್ ಇಳಿಸಿದೆವು. ಆಮೇಲೆ ನಾನು ಗೇಜಿನ ಕಡೆಗೇ ಕೂತೆ. ಕೊನೆಗೆ ಸಂಶೋಧನೆಯನ್ನೇ ಬಿಟ್ಟೆ. ತನ್ನ ಕಣ್ಣನ್ನು ತಾನೇ ನಂಬದವನಿಗೆ ಅಲ್ಲೇನು ಕೆಲಸ?

ಈ ವರ್ಷ ಶಿವಮೊಗ್ಗದಲ್ಲಿ ಅವನ ಉಪನ್ಯಾಸವಿತ್ತು. ಎರಡನೆಯ ಪದರವನ್ನು ತಾನು ಮೊದಲು ಕಂಡ ಬಗೆಯನ್ನು ವರ್ಣಿಸಿದ. ಮಜ್ಜಿಗೆ ಮೇಲೆ ತಿಳಿ ನಿಂತ ಹಾಗೆ, ಎಂದ. ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ನನ್ನ ಕೈಗಳೂ ಸೇರಿಕೊಂಡವು.

ಹೊರಗೆ ಟೀ ಕುಡಿಯುವಾಗ ಕೇಳಿದೆ: "ಅವತ್ತು ಕಿಟಕಿ ಹತ್ರ ಇದ್ದೋನು ನಾನಲ್ವೇನೋ?"

"ನೀನಾ? ಗೇಜು ಬಿಟ್ಟು ಎದ್ದಿದ್ದೇ ಇಲ್ವಲ್ಲೋ ನೀನು. ಸರಿ, ಪ್ರೆಷರ್ ಎಷ್ಟಿತ್ತು ಹೇಳು?"

"ಏಳೂವರೆ ಬಾರ್" ಎಂದೆ ಥಟ್ಟನೆ.

ಅವನು ನಕ್ಕ. "ನೋಡ್ದಾ? ಕಿಟಕಿಲಿ ಇದ್ದೋನಿಗೆ ಅದು ಹೆಂಗೋ ಗೊತ್ತಿರುತ್ತೆ?"

ಭುಜ ತಟ್ಟಿ ಭದ್ರಾವತಿಯ ಬಸ್ಸು ಹತ್ತಿದ. ಗೇಜಿನ ಮುಂದೆ ಕೂತ ನೆನಪೂ ಸುಳ್ಳಲ್ಲವಲ್ಲ. ಅಲ್ಲಿ ಕೂತು ಅವನ ಕೂಗು ಕೇಳಿ, ನಾನೇ ಕೂಗಿದೆನೆಂದು ಇಷ್ಟು ಕಾಲ ನಂಬಿಕೊಂಡಿದ್ದೆನೆ?

ರಾಗಿಗುಡ್ಡದ ನನ್ನ ಮನೆಯ ಏರು ಹತ್ತುವಾಗ ಹೊಳೆಯಿತು. ಆ ಸಂಖ್ಯೆಯನ್ನು ನಾನು ನೋಡಿದ್ದು ಅದೇ ದಿನ, ಸಭೆಯಲ್ಲಿ, ಅವನು ಪರದೆಯ ಮೇಲೆ ತೋರಿಸಿದ ಚಿತ್ರದಲ್ಲಿ. ನಿಂತಲ್ಲೇ ಫೋನ್ ಮಾಡಿದೆ.

"ಏಳೂವರೆ ಅನ್ನೋದು ನಿನ್ನ ಸ್ಲೈಡಲ್ಲೇ ಇತ್ತು ಕಣೋ. ಅದು ಗೊತ್ತಿದ್ದೇ ಕೇಳ್ದೆ ನೀನು."



"ಇತ್ತಾ?" ಎಂದ ಬಸ್ಸಿನ ಸದ್ದಿನ ನಡುವೆ. "ನಂಗೆ ನೆನಪಿಲ್ಲ ಮಾರಾಯ."

ಅವನ ದನಿ ನನಗೆ ಚೆನ್ನಾಗಿ ಗೊತ್ತು. ಕಣ್ಣು ಒರೆಸಿಕೋ ಎಂದದ್ದೂ ಇದೇ ದನಿಯಲ್ಲಿ.