ಹತ್ತು ಒಂದುಗಳ ವರ್ಗ

ಹುಳ ಹಿಡಿಯದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ ಕಟು ವಾಸನೆ ಇಷ್ಟು ವರ್ಷದ ಮೇಲೂ ಉಳಿದಿತ್ತು. ಮೊನ್ನೆ ಬೀರು ಚೊಕ್ಕ ಮಾಡುವಾಗ ನನ್ನ ಬಿ.ಎಸ್ಸಿ. ಗಣಿತದ ನೋಟ್ಸ್ ಕೈಜಾರಿ ಬಿದ್ದು ರಟ್ಟು ಬಿಚ್ಚಿಕೊಂಡಿತು.

ಅದನ್ನು ಕಟ್ಟಿಕೊಟ್ಟವರು ಎನ್.ಆರ್. ಕಾಲೋನಿಯ ಬೈಂಡರ್ ತಾತ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅಂಟು ಒಣಗುವವರೆಗೆ ರದ್ದಿ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗುಣಾಕಾರ ಮಾಡುತ್ತ ಕೂರುತ್ತಿದ್ದರು... ಆಮೇಲೆ ಆ ರದ್ದಿಯೇ ಯಾವುದೋ ಪುಸ್ತಕದ ಬೆನ್ನಿಗೆ ಒಳಪದರವಾಗುತ್ತಿತ್ತು.

ನಮ್ಮ ಮನೆಗೇ ಮೊದಲ ಡಿಗ್ರಿ ನನ್ನದು. ಚಾಮರಾಜಪೇಟೆಯ ಹಿಟ್ಟಿನ ಗಿರಣಿಯಲ್ಲಿ ದುಡಿದು ಅಪ್ಪ ಓದಿಸಿದ್ದು. ಆ ಹೆಮ್ಮೆ ಇವತ್ತಿಗೂ ಇದೆ. ನೋಟ್ಸ್ ಬೈಂಡಿಗೆ ಕೊಡಲು ಹೋದ ಅವತ್ತು ಸ್ವಲ್ಪ ಜಾಸ್ತಿಯೇ ಇತ್ತು.

"ಬನ್ನಿ ಮೇಡಂ, ಡಿಗ್ರಿಯೋರು! ಇಲ್ನೋಡಿ," ಎಂದು ತಾತ ಹಾಳೆ ತಿರುಗಿಸಿದರು. 11ರ ವರ್ಗ 121. 111ರದು 12321. ಒಂದೊಂದೇ 'ಒಂದು' ಸೇರಿಸಿದಂತೆ ಹತ್ತಿ ಇಳಿಯುವ ಮೆಟ್ಟಿಲು. ಒಂಬತ್ತು ಒಂದುಗಳಿಗೆ 12345678987654321.

"ಹತ್ತು ಒಂದು ಇಟ್ರೆ? ಹಿಂಗೇ ಹೋಗತ್ತಾ?"

"ಹೋಗ್ಲೇಬೇಕು ತಾತಾ. ಅದು ನಿಯಮ," ಎಂದೆ. ಗುಣಿಸಿ ನೋಡಿರಲಿಲ್ಲ.

"ಓದಿರೋರು ಹೇಳಿದ್ಮೇಲೆ ಮುಗೀತು ಬಿಡಿ."

ಪುಸ್ತಕ ಕೊಡುವ ದಿನ ಮಾತ್ರ, "ಬಿಡುವಾದಾಗ ಹತ್ತನೇದು ಒಂದ್ಸಲ ಗುಣಿಸಿ ನೋಡಮ್ಮ," ಅಂದರು. ನನಗೆ ಸಿಟ್ಟು ಬಂತು. ಡಿಗ್ರಿ ಯಾರದು?

ಟೀಚರ್ ಕೆಲಸಕ್ಕೆ ಸೇರಿದ ವರ್ಷ ಕ್ಲಾಸಿನಲ್ಲೂ ಅದನ್ನೇ ಹೇಳಿದೆ. ಮಾರನೇ ದಿನ ಒಬ್ಬ ಹುಡುಗಿ ಗುಣಿಸಿ ತಂದಳು: 1234567900987654321. "ಮಿಸ್, ಹತ್ತೋವಾಗ ಎಂಟೇ ಇಲ್ಲ, ನಡುವೆ ಎರಡು ಸೊನ್ನೆ!" ನಡುವಿನ ಕಂಬಸಾಲಿನಲ್ಲಿ ಮೊತ್ತ ಹತ್ತಾಗಿ, ಕೈಯಲ್ಲಿ ಉಳಿದ ಒಂದು ಪಕ್ಕಕ್ಕೆ ಹೋಗಿ ಮೆಟ್ಟಿಲು ಮುರಿದಿತ್ತು.

ತಾತನಿಗೆ ಹೇಳಬೇಕು ಅಂದುಕೊಂಡೆ. ಭಾನುವಾರ, ಇಲ್ಲ ರಜೆಯಲ್ಲಿ... ಬಸ್ಸಿನಿಂದ ಅಂಗಡಿ ಕಾಣುತ್ತಿತ್ತು, ಇಳಿಯಲಿಲ್ಲ. ಕೊನೆಗೊಂದು ದಿನ ಇಳಿದರೆ ಬಾಗಿಲ ಮೇಲೆ ಬೇರೆ ಬೋರ್ಡು. "ತಾತ ಹೋಗಿ ಆರು ತಿಂಗಳಾಯ್ತಲ್ಲಮ್ಮ," ಎಂದಳು ಪಕ್ಕದ ಹೂವಿನಾಕೆ. ನನ್ನ ತಪ್ಪನ್ನೇ ನಂಬಿಕೊಂಡು ಹೋದರಲ್ಲ ಎಂದು ಇಷ್ಟು ವರ್ಷವೂ ಚುಚ್ಚುತ್ತಿತ್ತು.

ಮೊನ್ನೆ, ಬಿಚ್ಚಿದ ಬೆನ್ನಿನೊಳಗೆ ಅವರ ಪೆನ್ಸಿಲ್ ಬರಹ. ಹತ್ತು ಒಂದು, ಹತ್ತು ಸಾಲು, ಕೆಳಗೆ ಸರಿಯಾದ ಉತ್ತರ. ಎರಡೂ ಸೊನ್ನೆಗಳ ಸುತ್ತ ಗೆರೆ. ಅದರ ಮೇಲೆ ಅಂಟು ಬಳಿದು, ಮುಚ್ಚಿ, ನನ್ನ ಕೈಗೆ ಕೊಟ್ಟಿದ್ದರು.

ಗೊತ್ತಿತ್ತು ಅವರಿಗೆ.

ಮೂರು ದಿನದಿಂದ ಹೋಗುತ್ತ ಬರುತ್ತ ಆ ಸಾಲುಗಳನ್ನು ಮತ್ತೆ ಮತ್ತೆ ಕೂಡುತ್ತಿದ್ದೇನೆ. ಎಲ್ಲೂ ತಪ್ಪಿಲ್ಲ. ನಿನ್ನೆ ಕೆಂಪು ಪೆನ್ನು ತೆಗೆದು ಪಕ್ಕದಲ್ಲಿ ರೈಟ್ ಹಾಕಿದೆ. ತೋರಿಸೋಣವೆಂದರೆ ಯಾರೂ ಇಲ್ಲ...